ಸಣ್ಣ ಜೈವಿಕ ಇಂಧನ ವಿದ್ಯುತ್ ಘಟಕಗಳ ಗ್ರಿಡ್ ಜೋಡಣೆ: ಯಂತ್ರಕ್ಕಿಂತ ಮೊದಲು ಫೀಡರ್

ಪೀಠಿಕೆ

ಸೌದೆ, ಕೃಷಿ ತ್ಯಾಜ್ಯ, ತೆಂಗಿನ ಚಿಪ್ಪು, ಸಗಣಿ ಹಾಗೂ ಮಾರುಕಟ್ಟೆಯ ಹಸಿ ಕಸದಿಂದ ವಿದ್ಯುತ್ ಉತ್ಪಾದಿಸಿ, ಸ್ವಂತ ಬಳಕೆಗೆ ಮಿಕ್ಕಿದ್ದನ್ನು ವಿದ್ಯುತ್ ಸರಬರಾಜು ಕಂಪನಿಗೆ ನೀಡಲು ಇಚ್ಛಿಸುವ ರೈತರು, ಸಹಕಾರ ಸಂಘಗಳು, ಗ್ರಾಮ ಪಂಚಾಯಿತಿಗಳು, ಅಕ್ಕಿ ಗಿರಣಿ ಮತ್ತು ಹೈನುಗಾರಿಕೆ ಘಟಕಗಳ ಮಾಲೀಕರ ಮಾಹಿತಿಗಾಗಿ ಈ ವಿಶ್ಲೇಷಣೆಯನ್ನು ನೀಡಲಾಗಿದೆ. ಕೆಲವು ಕಿಲೋವ್ಯಾಟ್‌ನಿಂದ ಕೆಲವು ನೂರು ಕಿಲೋವ್ಯಾಟ್‌ವರೆಗಿನ ಸಾಮರ್ಥ್ಯದ ಘಟಕಗಳಿಗೆ ಇದು ಮುಖ್ಯವಾಗಿ ಅನ್ವಯಿಸುತ್ತದೆ.

ಇಂತಹ ಘಟಕವನ್ನು ಸ್ಥಾಪಿಸಲು ಹೊರಟವರಿಗೆ ಯಂತ್ರದ ದರಪಟ್ಟಿ ತರಿಸುವುದು ಮತ್ತು ಬ್ಯಾಂಕ್ ಸಾಲಕ್ಕೆ ಅರ್ಜಿ ಸಲ್ಲಿಸುವುದು ಸಹಜವಾಗಿ ಮೊದಲು ತೋಚುವ ಕೆಲಸಗಳು. ಆದರೆ ಘಟಕದ ಲಾಭ-ನಷ್ಟವನ್ನು ನಿರ್ಧರಿಸುವ ಅಂಶಗಳು ಯಂತ್ರದ ಹೊರಗಿವೆ. ಘಟಕವು ಯಾವ ಫೀಡರ್‌ಗೆ ಜೋಡಣೆಯಾಗುತ್ತದೆ, ಆ ಫೀಡರ್‌ನಲ್ಲಿ ದಿನಕ್ಕೆ ಎಷ್ಟು ಗಂಟೆ ವಿದ್ಯುತ್ ಇರುತ್ತದೆ, ಒಂದು ಯೂನಿಟ್‌ಗೆ ಎಷ್ಟು ಇಂಧನ ಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೇ ಬಂಡವಾಳ ಹೂಡುವುದು ಅರ್ಜಿದಾರರ ಹಿತದೃಷ್ಟಿಯಿಂದ ಸೂಕ್ತ. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ಕಾನೂನು ನೀಡಿರುವ ಹಕ್ಕು ಮತ್ತು ಅದರ ಮಿತಿ

ವಿದ್ಯುಚ್ಛಕ್ತಿ ಅಧಿನಿಯಮ, 2003ರ 7ನೇ ಪ್ರಕರಣದ ಮೇರೆಗೆ ವಿದ್ಯುತ್ ಉತ್ಪಾದನಾ ಘಟಕವನ್ನು ಸ್ಥಾಪಿಸಲು ಮತ್ತು ನಡೆಸಲು ಲೈಸೆನ್ಸ್ ಅಗತ್ಯವಿಲ್ಲ. ಆದರೆ ಗ್ರಿಡ್ ಜೋಡಣೆಗೆ ನಿಗದಿಪಡಿಸಿರುವ ತಾಂತ್ರಿಕ ಮಾನದಂಡಗಳನ್ನು ಪಾಲಿಸತಕ್ಕದ್ದು ಎಂಬ ಷರತ್ತು ಅದರಲ್ಲಿಯೇ ಇದೆ. ಇದೇ ಅಧಿನಿಯಮದ 86(1)(ಇ) ಪ್ರಕರಣವು ನವೀಕರಿಸಬಹುದಾದ ಮೂಲಗಳಿಂದ ಉತ್ಪಾದನೆಯಾದ ವಿದ್ಯುತ್ತಿಗೆ ಗ್ರಿಡ್ ಜೋಡಣೆ ಮತ್ತು ಮಾರಾಟದ ಅನುಕೂಲ ಕಲ್ಪಿಸುವ ಹೊಣೆಯನ್ನು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ವಹಿಸಿದೆ. ವಿತರಣಾ ಕಂಪನಿಗಳು ತಮ್ಮ ಒಟ್ಟು ಬಳಕೆಯಲ್ಲಿ ಇಂತಿಷ್ಟು ಪ್ರಮಾಣವನ್ನು ಇಂತಹ ಮೂಲಗಳಿಂದ ಖರೀದಿಸಬೇಕೆಂದು ನಿಗದಿಪಡಿಸುವ ಅಧಿಕಾರವೂ ಆಯೋಗಕ್ಕಿದೆ.

ಹೀಗೆ ಜೋಡಣೆಗೆ ಅವಕಾಶ ಕೋರುವ ಹಕ್ಕನ್ನು ಕಾನೂನು ನೀಡಿದೆ. ಆದರೆ ಜೋಡಣೆಯಾದ ಫೀಡರ್ ದಿನದ 24 ಗಂಟೆಯೂ ಚಾಲನೆಯಲ್ಲಿರುತ್ತದೆ ಎಂಬ ಖಾತರಿಯನ್ನಾಗಲಿ, ಉತ್ಪಾದಿಸಿದ ಪ್ರತಿ ಯೂನಿಟ್‌ಗೂ ಲಾಭದಾಯಕ ದರ ದೊರೆಯುತ್ತದೆ ಎಂಬ ಖಾತರಿಯನ್ನಾಗಲಿ ಈ ಹಕ್ಕು ಒಳಗೊಂಡಿಲ್ಲ. ಅರ್ಜಿದಾರರು ಈ ವ್ಯತ್ಯಾಸವನ್ನು ಮೊದಲೇ ಮನಗಾಣುವುದು ಅವಶ್ಯಕ.

ತುಮಕೂರು ಜಿಲ್ಲೆಯ ಎರಡು ಅನುಭವಗಳು

ಸೌದೆಯಿಂದ ವಿದ್ಯುತ್ ಪಡೆಯುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ದೀರ್ಘ ಅನುಭವವಿದೆ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ 1988ರಲ್ಲಿ ಒಂದು ಪುಟ್ಟ ಗ್ಯಾಸಿಫೈಯರ್ ಘಟಕ ಆರಂಭವಾಯಿತು. ಗ್ಯಾಸಿಫೈಯರ್ ಎಂದರೆ ಸೌದೆಯ ತುಂಡುಗಳನ್ನು ಮಿತ ಗಾಳಿಯಲ್ಲಿ ಸುಟ್ಟು, ಎಂಜಿನ್ನಿನಲ್ಲಿ ಉರಿಯಬಲ್ಲ ಅನಿಲವನ್ನಾಗಿ ಪರಿವರ್ತಿಸುವ ಸಾಧನ. ಹೊಸಹಳ್ಳಿಯ ಘಟಕವು ಗ್ರಿಡ್‌ಗೆ ಜೋಡಣೆಯಾಗದೆ, ಆ ಹಳ್ಳಿಯ ಮನೆಗಳ ದೀಪ, ಕುಡಿಯುವ ನೀರಿನ ಪಂಪು ಮತ್ತು ಹಿಟ್ಟಿನ ಗಿರಣಿಗೆ ಮಾತ್ರ ವಿದ್ಯುತ್ ನೀಡುತ್ತಿತ್ತು. ಘಟಕ ಎಷ್ಟು ಹೊತ್ತು ನಡೆಯಬೇಕೆಂಬುದು ಹಳ್ಳಿಯ ಅಗತ್ಯವನ್ನು ಅವಲಂಬಿಸಿತ್ತು.

ಇದೇ ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ ಕೈಗೊಂಡ ಪ್ರಯೋಗ ಬೇರೆ ಬಗೆಯದು. ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನೊಂದಿಗೆ ಕೈಗೊಂಡ ಗ್ರಾಮೀಣ ಜೈವಿಕ ಇಂಧನ ಯೋಜನೆಯಡಿ ಇಲ್ಲಿನ ಘಟಕವನ್ನು 11 ಕಿಲೋವೋಲ್ಟ್ ಮಾರ್ಗದ ಮೂಲಕ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ಜಾಲಕ್ಕೆ ಜೋಡಿಸಲಾಯಿತು. ಇಲ್ಲಿನ 100 ಕಿಲೋವ್ಯಾಟ್ ಸಾಮರ್ಥ್ಯದ ಒಂದು ಘಟಕವನ್ನು ಸುಮಾರು 1,000 ಗಂಟೆ ನಡೆಸಿ ವಿಜ್ಞಾನಿಗಳು ದಾಖಲಿಸಿದ ವಿವರ ಹೀಗಿದೆ: ಸರಾಸರಿ ಹೊರೆ ಸುಮಾರು 81 ಕಿಲೋವ್ಯಾಟ್; ಗ್ರಿಡ್‌ಗೆ ನೀಡಿದ ವಿದ್ಯುತ್ 80,000 ಯೂನಿಟ್‌ಗೂ ಅಧಿಕ; ಪ್ರತಿ ಯೂನಿಟ್‌ಗೆ ಬಳಕೆಯಾದ ಸೌದೆ 1.36 ಕಿಲೋಗ್ರಾಂ, ಒಟ್ಟಾರೆ ದಕ್ಷತೆ ಸುಮಾರು ಶೇ. 18.

ಸಣ್ಣ ಘಟಕವೊಂದು ತಾಂತ್ರಿಕವಾಗಿ ಗ್ರಿಡ್‌ನೊಂದಿಗೆ ಹೊಂದಿಕೊಂಡು ನಡೆಯಬಲ್ಲುದು ಎಂಬುದು ಇದರಿಂದ ಸ್ಪಷ್ಟವಾಯಿತು. ಜೊತೆಗೆ ಇನ್ನೊಂದು ವಿಷಯವೂ ಅರಿವಿಗೆ ಬರುತ್ತದೆ. ಗ್ರಿಡ್‌ಗೆ ಜೋಡಣೆಯಾದ ಘಟಕ ಎಷ್ಟು ಹೊತ್ತು ನಡೆಯಬೇಕೆಂಬುದನ್ನು ಅದರ ಮಾಲೀಕರೊಬ್ಬರೇ ನಿರ್ಧರಿಸಲಾಗದು. ಮಾರ್ಗದಲ್ಲಿ ವಿದ್ಯುತ್ ಇರುವವರೆಗೆ ಮಾತ್ರ ಅದು ಮಾರಾಟ ಮಾಡಬಲ್ಲುದು.

ರಾಷ್ಟ್ರೀಯ ಗ್ರಿಡ್ ಮತ್ತು ಹಳ್ಳಿಯ ಫೀಡರ್

ಗ್ರಿಡ್‌ನ ಆರೋಗ್ಯವನ್ನು ತಿಳಿಸುವ ಮುಖ್ಯ ಅಳತೆ ಆವರ್ತಾಂಕ. ಭಾರತದಲ್ಲಿ ಇದು 50 ಹರ್ಟ್ಜ್ ಇರಬೇಕು. ಉತ್ಪಾದನೆಗಿಂತ ಬೇಡಿಕೆ ಹೆಚ್ಚಾದಾಗ ಆವರ್ತಾಂಕ ಕುಸಿಯುತ್ತದೆ. 1990ರ ದಶಕದಲ್ಲಿ ದಕ್ಷಿಣ ಭಾರತದ ಗ್ರಿಡ್‌ನಲ್ಲಿ ಇಂತಹ ಕುಸಿತ ಸಾಮಾನ್ಯವಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಂದಿಗೆ ಒಂದೇ ಆವರ್ತಾಂಕದಲ್ಲಿ ಬೆಸೆದುಕೊಂಡಿತು. ಅಂದಿನಿಂದ ಇಡೀ ದೇಶವು ಒಂದೇ ಗ್ರಿಡ್ ಆಗಿದ್ದು, ಆವರ್ತಾಂಕದ ಏರಿಳಿತ ಬಹುಮಟ್ಟಿಗೆ ತಗ್ಗಿದೆ. ಸಣ್ಣ ಘಟಕಗಳಿಗೆ ಇದು ಅನುಕೂಲಕರ ಬೆಳವಣಿಗೆ.

ಆದರೆ ಸಣ್ಣ ಘಟಕವು 765 ಕಿಲೋವೋಲ್ಟ್ ಮಾರ್ಗಕ್ಕೆ ಜೋಡಣೆಯಾಗುವುದಿಲ್ಲ. ಅದು ಜೋಡಣೆಯಾಗುವುದು ಹಳ್ಳಿಯ 11 ಕಿಲೋವೋಲ್ಟ್ ಫೀಡರ್‌ಗೆ, ಇಲ್ಲವೆ 415 ವೋಲ್ಟ್ ಮಾರ್ಗಕ್ಕೆ. ಮಳೆಗಾಳಿಗೆ ಮರ ಬಿದ್ದು ತಂತಿ ತುಂಡಾಗುವುದು, ಪರಿವರ್ತಕ ಸುಡುವುದು, ದುರಸ್ತಿಗಾಗಿ ವಿದ್ಯುತ್ ನಿಲುಗಡೆ ಮಾಡುವುದು ಇವೆಲ್ಲ ನಡೆಯುವುದು ಈ ಹಂತದಲ್ಲಿ. ರಾಷ್ಟ್ರೀಯ ಗ್ರಿಡ್ ಎಷ್ಟೇ ಸುಸ್ಥಿರವಾಗಿದ್ದರೂ ಊರಿನ ಫೀಡರ್ ನಿಂತರೆ ಘಟಕ ನಿಲ್ಲುತ್ತದೆ.

ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಗ್ರಾಮೀಣ ಫೀಡರ್‌ಗಳನ್ನು ಎರಡಾಗಿ ವಿಂಗಡಿಸುವ ಕಾರ್ಯವನ್ನು ಕೈಗೊಳ್ಳಲಾಯಿತು. ಮನೆ, ಅಂಗಡಿ, ಸಣ್ಣ ಕೈಗಾರಿಕೆಗಳಿಗೆ ನಿರಂತರ ವಿದ್ಯುತ್ ನೀಡುವ ಫೀಡರ್‌ಗಳು ಒಂದು ಬಗೆ. ನೀರಾವರಿ ಪಂಪ್‌ಸೆಟ್‌ಗಳಿಗೆ ನಿಗದಿತ ಅವಧಿಯಲ್ಲಿ ಮಾತ್ರ ಮೂರು ಫೇಸ್ ವಿದ್ಯುತ್ ನೀಡುವ ಫೀಡರ್‌ಗಳು ಇನ್ನೊಂದು ಬಗೆ. ಪಂಪ್‌ಸೆಟ್ ಫೀಡರ್‌ಗಳಿಗೆ ಈ ಅವಧಿಯನ್ನು ಸಾಮಾನ್ಯವಾಗಿ ದಿನಕ್ಕೆ 7 ಗಂಟೆ ಎಂದು ನಿಗದಿಪಡಿಸಲಾಗಿದೆ.

ಈ ವಿಂಗಡಣೆಯ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 100 ಕಿಲೋವ್ಯಾಟ್ ಘಟಕವು 1,000 ಗಂಟೆ ನಡೆಯಲು ನಿರಂತರ ಫೀಡರ್‌ನಲ್ಲಿ ಸುಮಾರು 42 ದಿನಗಳು ಸಾಕು. ದಿನಕ್ಕೆ 7 ಗಂಟೆಯ ಫೀಡರ್‌ನಲ್ಲಿ ಅಷ್ಟೇ ಗಂಟೆಗಳಿಗೆ ಸುಮಾರು 143 ದಿನಗಳು ಬೇಕು. ಯಂತ್ರ ಒಂದೇ, ಸಾಲದ ಕಂತು ಒಂದೇ, ಕೆಲಸಗಾರರ ತಿಂಗಳ ವೇತನವೂ ಒಂದೇ. ವರಮಾನ ಮಾತ್ರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಘಟಕದ ಜಮೀನಿನ ಪಕ್ಕದಲ್ಲೇ ಹಾದುಹೋಗುವ ಮಾರ್ಗವು ಪಂಪ್‌ಸೆಟ್ ಫೀಡರ್ ಆಗಿದ್ದು, ನಿರಂತರ ಫೀಡರ್ ಒಂದೆರಡು ಕಿಲೋಮೀಟರ್ ದೂರದಲ್ಲಿರುವ ಸಂದರ್ಭಗಳಿರುತ್ತವೆ. ಅಂತಹ ಕಡೆ ಹೊಸ ಮಾರ್ಗದ ವೆಚ್ಚವನ್ನು ಯೋಜನಾ ವೆಚ್ಚದಲ್ಲಿ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು.

ಮಾರ್ಗ ನಿಂತಾಗ ಘಟಕವೂ ನಿಲ್ಲಬೇಕು: ಏಕೆ?

ಊರಿನಲ್ಲಿ ವಿದ್ಯುತ್ ಹೋದಾಗಲೇ ತಮ್ಮ ಘಟಕ ಹೆಚ್ಚು ಉಪಯೋಗಕ್ಕೆ ಬರಬೇಕೆಂದು ಅರ್ಜಿದಾರರು ನಿರೀಕ್ಷಿಸುವುದು ಸ್ವಾಭಾವಿಕ. ಆದರೆ ನಿಯಮವು ಇದಕ್ಕೆ ವ್ಯತಿರಿಕ್ತವಾಗಿದೆ. ಇದರ ಹಿಂದಿನ ಕಾರಣ ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ್ದು.

ಹಳ್ಳಿಯ ಪರಿವರ್ತಕವು 11,000 ವೋಲ್ಟ್‌ಗಳನ್ನು 415 ವೋಲ್ಟ್‌ಗೆ ಇಳಿಸುತ್ತದೆ. ಅದೇ ಪರಿವರ್ತಕಕ್ಕೆ ಕೆಳಗಿನಿಂದ 415 ವೋಲ್ಟ್ ನೀಡಿದರೆ ಅದು ಮೇಲಿನ ತಂತಿಗಳಲ್ಲಿ 11,000 ವೋಲ್ಟ್ ಉಂಟುಮಾಡುತ್ತದೆ. ಉಪಕೇಂದ್ರದಲ್ಲಿ ಮಾರ್ಗವನ್ನು ನಿಲ್ಲಿಸಿ ಕಂಬ ಹತ್ತಿದ ಮಾರ್ಗದಾಳುವಿಗೆ ಆ ತಂತಿ ನಿರ್ಜೀವವೆಂಬ ನಂಬಿಕೆ ಇರುತ್ತದೆ. ಎಲ್ಲೋ ಒಂದು ಸಣ್ಣ ಘಟಕ ಆ ಹೊತ್ತಿನಲ್ಲಿ ಚಾಲನೆಯಲ್ಲಿದ್ದರೆ ಆ ನಂಬಿಕೆಯೇ ಆತನ ಪ್ರಾಣಕ್ಕೆ ಎರವಾಗಬಹುದು.

ಆದುದರಿಂದ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2013ರಲ್ಲಿ ಹೊರಡಿಸಿದ, 2019ರಲ್ಲಿ ತಿದ್ದುಪಡಿಯಾದ ವಿಕೇಂದ್ರಿತ ಉತ್ಪಾದನಾ ಘಟಕಗಳ ಜೋಡಣೆಯ ತಾಂತ್ರಿಕ ಮಾನದಂಡಗಳಲ್ಲಿ ಈ ಕೆಳಕಂಡ ಅಂಶಗಳನ್ನು ಸೇರಿಸಲಾಗಿದೆ:

1. ಗ್ರಿಡ್‌ನಿಂದ ಬೇರ್ಪಟ್ಟು ಘಟಕವೊಂದೇ ಮಾರ್ಗಕ್ಕೆ ವಿದ್ಯುತ್ ನೀಡುವ ಸ್ಥಿತಿ ಉಂಟಾದಲ್ಲಿ, 2 ಸೆಕೆಂಡುಗಳೊಳಗೆ ಘಟಕವು ಮಾರ್ಗದಿಂದ ತಾನಾಗಿಯೇ ಕಳಚಿಕೊಳ್ಳತಕ್ಕದ್ದು.

2. ಗ್ರಿಡ್ ಮರಳಿದ ಮೇಲೆ ವೋಲ್ಟೇಜ್ ಮತ್ತು ಆವರ್ತಾಂಕ ನಿಗದಿತ ಮಿತಿಯೊಳಗೆ ಕನಿಷ್ಠ 60 ಸೆಕೆಂಡು ಸ್ಥಿರವಾಗಿ ಉಳಿಯುವವರೆಗೆ ಮರುಜೋಡಣೆ ಮಾಡತಕ್ಕದ್ದಲ್ಲ.

3. ಜೋಡಣೆಯ ಕ್ಷಣದಲ್ಲಿ ಜೋಡಣಾ ಸ್ಥಾನದ ವೋಲ್ಟೇಜ್ ಶೇ. 5ಕ್ಕಿಂತ ಹೆಚ್ಚು ಏರಿಳಿಯತಕ್ಕದ್ದಲ್ಲ.

4. ಕಂಪನಿಯ ಸಿಬ್ಬಂದಿಯ ಕೈಗೆಟುಕುವ ಸ್ಥಳದಲ್ಲಿ, ಕಳಚಿದ ಸ್ಥಿತಿಯಲ್ಲಿಯೇ ಬೀಗ ಹಾಕಬಹುದಾದ, ಕೈಯಿಂದ ನಿರ್ವಹಿಸುವ ಪ್ರತ್ಯೇಕ ಸ್ವಿಚ್ಚನ್ನು ಅಳವಡಿಸತಕ್ಕದ್ದು.

ಎಂಜಿನ್ ಚಾಲಿತ ಜನರೇಟರ್ ವಿಷಯದಲ್ಲಿ ಮೂರನೆಯ ಅಂಶ ಹೆಚ್ಚು ಎಚ್ಚರಿಕೆ ಬೇಡುತ್ತದೆ. ವೋಲ್ಟೇಜ್, ಆವರ್ತಾಂಕ, ಫೇಸ್‌ಗಳ ಅನುಕ್ರಮ ಮತ್ತು ಕೋನ ಈ ನಾಲ್ಕೂ ಗ್ರಿಡ್‌ನೊಂದಿಗೆ ಹೊಂದಿಕೆಯಾದ ಕ್ಷಣದಲ್ಲಿಯೇ ಬ್ರೇಕರ್ ಮುಚ್ಚಬೇಕು. ಹೊಂದಿಕೆ ತಪ್ಪಿದರೆ ಗ್ರಿಡ್‌ನ ಬಲವು ಎಂಜಿನ್ನಿನ ದಂಡವನ್ನೇ ಮುರಿಯಬಲ್ಲುದು. ಈ ಕೆಲಸವನ್ನು ಸ್ವಯಂಚಾಲಿತ ಸಾಧನಕ್ಕೆ ವಹಿಸುವುದು ಕ್ಷೇಮಕರ. ದರಪಟ್ಟಿಯಲ್ಲಿ ಈ ಸಾಧನ ಮತ್ತು ರಕ್ಷಣಾ ರಿಲೇಗಳು ಸೇರಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ವಿದ್ಯುತ್ ಹೋದಾಗ ತಮ್ಮ ಗಿರಣಿ ಅಥವಾ ಡೇರಿಯನ್ನು ನಡೆಸಿಕೊಳ್ಳಲು ಇಚ್ಛಿಸುವವರು ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಮೊದಲು ಆವರಣವನ್ನು ಗ್ರಿಡ್‌ನಿಂದ ಸಂಪೂರ್ಣವಾಗಿ ಬೇರ್ಪಡಿಸಿ, ನಂತರ ಘಟಕವನ್ನು ಆವರಣದ ಹೊರೆಗೆ ಮಾತ್ರ ಜೋಡಿಸುವ, ಎರಡೂ ಏಕಕಾಲದಲ್ಲಿ ಜೋಡಣೆಯಾಗದಂತೆ ಪರಸ್ಪರ ತಡೆ ಇರುವ ಬದಲಾವಣಾ ಸ್ವಿಚ್ ಇದಕ್ಕೆ ಅಗತ್ಯ. ಇದನ್ನು ಅರ್ಜಿಯೊಂದಿಗೆ ಸಲ್ಲಿಸುವ ನಕ್ಷೆಯಲ್ಲಿಯೇ ತೋರಿಸತಕ್ಕದ್ದು. ಅನುಮೋದಿತ ನಕ್ಷೆಯಲ್ಲಿಲ್ಲದ ಜೋಡಣೆಯನ್ನು ನಂತರ ಸ್ವಂತವಾಗಿ ಮಾಡಿಕೊಳ್ಳುವುದು ಅಪಾಯಕಾರಿ ಮತ್ತು ನಿಯಮಬಾಹಿರ.

ಇಂಧನದ ಲೆಕ್ಕ

ಗಾಳಿ ಮತ್ತು ಬಿಸಿಲಿಗೆ ಬೆಲೆ ಇಲ್ಲ, ಸೌದೆಗೆ ಇದೆ. ಕಬ್ಬಿಗೆರೆಯ ದಾಖಲೆಯಂತೆ ಯೂನಿಟ್‌ಗೆ 1.36 ಕಿಲೋಗ್ರಾಂ ಸೌದೆಯಾದರೆ, 80,000 ಯೂನಿಟ್‌ಗೆ ಸುಮಾರು 109 ಟನ್ ಬೇಕಾಗುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2005ರ ಜನವರಿಯಲ್ಲಿ ಬಯೋಮಾಸ್ ವಿದ್ಯುತ್ತಿಗೆ ಯೂನಿಟ್‌ಗೆ 2.85 ರೂಪಾಯಿ ಮೂಲದರ ನಿಗದಿಪಡಿಸಿತ್ತು. ಆ ದರವನ್ನು ಉದಾಹರಣೆಗೆ ಇಟ್ಟುಕೊಂಡು ನೋಡಿದರೆ, ಸೌದೆ ಕಿಲೋಗ್ರಾಂಗೆ 1.50 ರೂಪಾಯಿಗೆ ದೊರೆತಾಗ ಯೂನಿಟ್‌ನ ಇಂಧನ ವೆಚ್ಚ 2.04 ರೂಪಾಯಿ, ಮಿಕ್ಕುವುದು 81 ಪೈಸೆ. ಸೌದೆಯ ಬೆಲೆ 2 ರೂಪಾಯಿಗೆ ಏರಿದರೆ ಇಂಧನ ವೆಚ್ಚ 2.72 ರೂಪಾಯಿ, ಮಿಕ್ಕುವುದು 13 ಪೈಸೆ. ವೇತನ, ದುರಸ್ತಿ ಮತ್ತು ಸಾಲದ ಬಡ್ಡಿ ಈ ಮಿಗತೆಯಿಂದಲೇ ಹೊರಡಬೇಕು. ದರಗಳು ಅಂದಿನಿಂದ ಬದಲಾಗಿದ್ದರೂ ಲೆಕ್ಕದ ಸ್ವರೂಪ ಬದಲಾಗಿಲ್ಲ. ವಿದ್ಯುತ್ ದರವನ್ನು ಒಪ್ಪಂದ ನಿಗದಿಪಡಿಸುತ್ತದೆ, ಸೌದೆಯ ದರವನ್ನು ಮಾರುಕಟ್ಟೆ ನಿಗದಿಪಡಿಸುತ್ತದೆ. ಒಂದು ಘಟಕ ಆರಂಭವಾದೊಡನೆ ಸುತ್ತಲಿನ ಸೌದೆಯ ಬೇಡಿಕೆ ಹೆಚ್ಚುವುದರಿಂದ ಬೆಲೆಯೂ ಏರುವ ಸಂಭವವಿದೆ.

ಸಗಣಿ ಮತ್ತು ಹಸಿ ಕಸದ ಅನಿಲ ಘಟಕಗಳಲ್ಲಿ ಇಂಧನಕ್ಕೆ ಹಣ ತೆರುವ ಪ್ರಮೇಯ ಕಡಿಮೆ. ಒಂದು ಘನ ಮೀಟರ್ ಗೋಬರ್ ಅನಿಲಕ್ಕೆ ಸುಮಾರು 25 ಕಿಲೋಗ್ರಾಂ ಹಸಿ ಸಗಣಿ ಬೇಕು. ಅದರಿಂದ ಸಣ್ಣ ಎಂಜಿನ್ನಿನಲ್ಲಿ ಒಂದೂವರೆ ಯೂನಿಟ್ ಆಸುಪಾಸಿನ ವಿದ್ಯುತ್ ದೊರೆಯುತ್ತದೆ. ಉಳಿಯುವ ಬಗ್ಗಡ ಗೊಬ್ಬರವಾಗಿ ಮಾರಾಟವಾಗುವುದು ಹೆಚ್ಚುವರಿ ವರಮಾನ. ಆದರೆ ಈ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಎಂಜಿನ್ನಿನ ಲೋಹವನ್ನು ತಿನ್ನುತ್ತದೆ. ಅದನ್ನು ಬೇರ್ಪಡಿಸುವ ಶುದ್ಧೀಕರಣ ಸಾಧನವಿಲ್ಲದ ಅಗ್ಗದ ಯಂತ್ರ ಕೊನೆಗೆ ದುಬಾರಿಯಾಗುತ್ತದೆ.

ಜೈವಿಕ ಇಂಧನಕ್ಕೆ ಒಂದು ವಿಶೇಷ ಅನುಕೂಲವಿದೆ. ತುಮಕೂರು ಜಿಲ್ಲೆಯಲ್ಲಿಯೇ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನವಿದೆ. ಹಗಲಿನಲ್ಲಿ ಅಲ್ಲಿಂದ ಹರಿದುಬರುವ ವಿದ್ಯುತ್ತಿನೊಂದಿಗೆ ಯಾವ ಸಣ್ಣ ಘಟಕವೂ ಬೆಲೆಯಲ್ಲಿ ಪೈಪೋಟಿ ನಡೆಸಲಾರದು. ಆದರೆ ಸೂರ್ಯಾಸ್ತದ ನಂತರ ಬೇಡಿಕೆ ಏರುವ ವೇಳೆಗೆ ಸೌರ ಉತ್ಪಾದನೆ ಇರುವುದಿಲ್ಲ. ಸೌದೆಯನ್ನು ಕೂಡಿಡಬಹುದು, ಅನಿಲವನ್ನು ಕೆಲವು ಗಂಟೆ ಸಂಗ್ರಹಿಸಬಹುದು. ಸಂಜೆಯ ಹೊತ್ತು ನಡೆಯಬಲ್ಲ ಈ ಗುಣಕ್ಕೆ ಬೆಲೆ ದೊರೆಯಬೇಕಾದರೆ ಒಪ್ಪಂದದ ದರವು ವೇಳೆಯನ್ನು ಪರಿಗಣಿಸಬೇಕು. ಹಗಲಿರುಳು ಒಂದೇ ದರವಿದ್ದಲ್ಲಿ ಈ ಅನುಕೂಲ ಲೆಕ್ಕಕ್ಕೆ ಬರುವುದಿಲ್ಲ.

ಮಾರಾಟವೇ, ಸ್ವಂತ ಬಳಕೆಯೇ?

ಅರ್ಜಿದಾರರ ಮುಂದೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು, ವಿತರಣಾ ಕಂಪನಿಯೊಂದಿಗೆ ವಿದ್ಯುತ್ ಖರೀದಿ ಒಪ್ಪಂದ ಮಾಡಿಕೊಂಡು ಎಲ್ಲ ವಿದ್ಯುತ್ತನ್ನು ಮಾರುವುದು. ಒಪ್ಪಂದಕ್ಕೆ ಆಯೋಗದ ಅನುಮೋದನೆ ಅಗತ್ಯ. ಒಪ್ಪಂದದ ದಿನಾಂಕದಂದು ಜಾರಿಯಲ್ಲಿರುವ ದರ ಆದೇಶವನ್ನು ಅರ್ಜಿದಾರರು ಪರಿಶೀಲಿಸತಕ್ಕದ್ದು.

ಎರಡನೆಯದು, ಸ್ವಂತ ಬಳಕೆಗೆ ಆದ್ಯತೆ ನೀಡಿ ಮಿಕ್ಕಿದ್ದನ್ನು ಮಾತ್ರ ಗ್ರಿಡ್‌ಗೆ ನೀಡುವುದು. ಗಿರಣಿ ಅಥವಾ ಡೇರಿಯೊಂದು ಕಂಪನಿಗೆ ತೆರುವ ದರವು ಮಾರಾಟದಿಂದ ದೊರೆಯುವ ದರಕ್ಕಿಂತ ಹೆಚ್ಚಾಗಿದ್ದಲ್ಲಿ ಉಳಿಸಿದ ಯೂನಿಟ್ ಮಾರಿದ ಯೂನಿಟ್‌ಗಿಂತ ಮೌಲ್ಯಯುತ. ಅಧಿನಿಯಮದಂತೆ ಸಹಕಾರ ಸಂಘವು ಮುಖ್ಯವಾಗಿ ತನ್ನ ಸದಸ್ಯರ ಬಳಕೆಗಾಗಿ ಸ್ಥಾಪಿಸುವ ಘಟಕವೂ ಸ್ವಂತ ಬಳಕೆಯ ಘಟಕವೆಂದೇ ಪರಿಗಣಿತವಾಗುತ್ತದೆ. ಇದಕ್ಕೆ 2005ರ ವಿದ್ಯುಚ್ಛಕ್ತಿ ನಿಯಮಗಳಲ್ಲಿರುವ ಷರತ್ತುಗಳು ಅನ್ವಯಿಸುತ್ತವೆ. ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ. 51 ಭಾಗವನ್ನು ಸ್ವಂತಕ್ಕೆ ಬಳಸಬೇಕೆಂಬುದು ಅವುಗಳಲ್ಲೊಂದು.

ಮೂರನೆಯದು, ಕಂಪನಿಯ ಮಾರ್ಗಗಳ ಮೂಲಕ ದೂರದ ಗ್ರಾಹಕರಿಗೆ ವಿದ್ಯುತ್ ತಲುಪಿಸುವುದು, ಅಂದರೆ ಮುಕ್ತ ಪ್ರವೇಶ. ಕೇಂದ್ರ ಸರ್ಕಾರವು 2022ರಲ್ಲಿ ಹಸಿರು ವಿದ್ಯುತ್ತಿನ ಮುಕ್ತ ಪ್ರವೇಶಕ್ಕಾಗಿ ನಿಯಮಗಳನ್ನು ರೂಪಿಸಿ, ಗ್ರಾಹಕರ ಅರ್ಹತಾ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ಆದರೆ ಮುಕ್ತ ಪ್ರವೇಶವನ್ನು ನಿಯಂತ್ರಿಸುವ ಅಧಿಕಾರ ರಾಜ್ಯ ಆಯೋಗಕ್ಕೆ ಸೇರಿದ್ದೆಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಆ ನಿಯಮಗಳನ್ನು ರದ್ದುಪಡಿಸಿತು. ಹಳೆಯ ಕೈಪಿಡಿ ಅಥವಾ ಮಧ್ಯವರ್ತಿಗಳ ಭರವಸೆಯನ್ನು ನಂಬಿ ಈ ಮಾರ್ಗದಲ್ಲಿ ಹಣ ಹೂಡುವುದು ಸೂಕ್ತವಲ್ಲ. ಅರ್ಜಿಯ ದಿನದಂದು ಅನ್ವಯವಾಗುವ ಆಯೋಗದ ನಿಯಮಾವಳಿ ಯಾವುದೆಂಬುದನ್ನು ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು.

ಅರ್ಜಿದಾರರು ಅನುಸರಿಸಬಹುದಾದ ಕ್ರಮ

1. ಸಂಬಂಧಪಟ್ಟ ವಿತರಣಾ ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಸಮೀಪದ ಉಪಕೇಂದ್ರ, ಫೀಡರ್‌ನ ಹೆಸರು ಮತ್ತು ಅದು ಯಾವ ಬಗೆಯದೆಂಬ ವಿವರ ಪಡೆಯುವುದು. ಹಿಂದಿನ 12 ತಿಂಗಳಲ್ಲಿ ಆ ಫೀಡರ್‌ನಲ್ಲಿ ವಿದ್ಯುತ್ ಇದ್ದ ಗಂಟೆಗಳ ವಿವರವನ್ನು ಲಿಖಿತವಾಗಿ ಕೋರುವುದು. ವಿವರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು.

2. ವರ್ಷದ ಎಲ್ಲ ತಿಂಗಳಿಗೂ, ವಿಶೇಷವಾಗಿ ಮಳೆಗಾಲದ ತಿಂಗಳುಗಳಿಗೆ, ಒಣ ಇಂಧನದ ಲಭ್ಯತೆಯನ್ನು ಲೆಕ್ಕ ಹಾಕುವುದು.

3. ಪ್ರಸ್ತಾವಿತ ಸಾಮರ್ಥ್ಯವನ್ನು ಫೀಡರ್ ಮತ್ತು ಪರಿವರ್ತಕ ತಾಳಬಲ್ಲವೇ ಎಂಬ ಬಗ್ಗೆ ಕಂಪನಿಯಿಂದ ತಾಂತ್ರಿಕ ಸಾಧ್ಯತಾ ವರದಿ ಪಡೆಯುವುದು.

4. ಯೋಜನೆಯ ನೋಂದಣಿ ಮತ್ತು ಸಹಾಯಧನದ ಅರ್ಹತೆಯ ಬಗ್ಗೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತದಲ್ಲಿ ವಿಚಾರಿಸುವುದು.

5. ವಿದ್ಯುತ್ ನಕ್ಷೆಗಳಿಗೆ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಹಾಗೂ ಅನ್ವಯವಾಗುವ ಕಡೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯುವುದು.

6. ಮೇಲ್ಕಂಡ ಹಂತಗಳು ಪೂರ್ಣಗೊಂಡ ನಂತರ ಯಂತ್ರದ ಖರೀದಿ ಆದೇಶ ನೀಡುವುದು ಮತ್ತು ಒಪ್ಪಂದಕ್ಕೆ ಸಹಿ ಮಾಡುವುದು.

7. ಗ್ರಿಡ್‌ಗೆ ನೀಡಿದ ಮತ್ತು ಗ್ರಿಡ್‌ನಿಂದ ಪಡೆದ ವಿದ್ಯುತ್ತನ್ನು ಪ್ರತ್ಯೇಕವಾಗಿ ಅಳೆಯುವ ಮಾಪಕ ಅಳವಡಿಸಿ, ಕಂಪನಿಯ ಅಧಿಕಾರಿಗಳ ಸಮಕ್ಷಮ ರಕ್ಷಣಾ ರಿಲೇಗಳ ಪರೀಕ್ಷೆ ನಡೆಸಿ ಜೋಡಣೆ ಪಡೆಯುವುದು.

ಘಟಕ ನಿಂತಿರುವಾಗ ಅದನ್ನು ಮತ್ತೆ ಚಾಲನೆಗೊಳಿಸಲು, ಸೌದೆ ಕತ್ತರಿಸಲು, ಬ್ಲೋವರ್ ಮತ್ತು ನೀರಿನ ಪಂಪು ನಡೆಸಲು ಗ್ರಿಡ್‌ನಿಂದ ಪಡೆಯುವ ವಿದ್ಯುತ್ತಿಗೆ ಶುಲ್ಕವಿರುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ವ್ಯಾಜ್ಯ ಪರಿಹಾರ

ವಿದ್ಯುತ್ ಗ್ರಾಹಕರಾಗಿ ಇರುವ ದೂರುಗಳಿಗೆ ಅಧಿನಿಯಮದ 42ನೇ ಪ್ರಕರಣದಡಿ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಮತ್ತು ವಿದ್ಯುತ್ ಒಂಬುಡ್ಸ್‌ಮನ್ ಅವರನ್ನು ಸಂಪರ್ಕಿಸಬಹುದು. ಉತ್ಪಾದಕರಾಗಿ ಕಂಪನಿಯೊಂದಿಗೆ ಉಂಟಾಗುವ ವ್ಯಾಜ್ಯಗಳಿಗೆ, ಅಂದರೆ ಬಿಲ್ ಪಾವತಿಯ ವಿಳಂಬ ಅಥವಾ ಒಪ್ಪಂದದ ಷರತ್ತುಗಳ ಬಗೆಗಿನ ಭಿನ್ನಾಭಿಪ್ರಾಯಗಳಿಗೆ, 86(1)(ಎಫ್) ಪ್ರಕರಣದಡಿ ರಾಜ್ಯ ಆಯೋಗದ ಮುಂದೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಫೀಡರ್ ನಿಂತ ದಿನಾಂಕ, ವೇಳೆ ಮತ್ತು ಘಟಕದ ಸ್ಥಿತಿಯನ್ನು ಮೊದಲ ದಿನದಿಂದಲೇ ದಾಖಲೆ ಪುಸ್ತಕದಲ್ಲಿ ನಮೂದಿಸುತ್ತಾ ಬಂದಲ್ಲಿ ಅದು ಇಂತಹ ಸಂದರ್ಭಗಳಲ್ಲಿ ಉಪಯುಕ್ತ ಸಾಕ್ಷ್ಯವಾಗುತ್ತದೆ.

ಸಾರಾಂಶ

ಸಣ್ಣ ಜೈವಿಕ ಇಂಧನ ಘಟಕವು ಗ್ರಾಮೀಣ ಉದ್ಯೋಗ, ತ್ಯಾಜ್ಯ ನಿರ್ವಹಣೆ ಮತ್ತು ಸಂಜೆಯ ವೇಳೆಯ ವಿದ್ಯುತ್ ಪೂರೈಕೆಗೆ ನೆರವಾಗಬಲ್ಲುದು. ಅದು ನಿಲ್ಲುವುದೂ ನಡೆಯುವುದೂ ಊರಿನ ಫೀಡರ್ ಮತ್ತು ಇಂಧನದ ಬೆಲೆಯನ್ನು ಅವಲಂಬಿಸಿದೆ. ಈ ಎರಡರ ಲಿಖಿತ ವಿವರ ಕೈಯಲ್ಲಿ ಇಲ್ಲದಿರುವಾಗ ಜಮೀನು ಅಥವಾ ಒಡವೆಯನ್ನು ಅಡವಿಟ್ಟು ಯಂತ್ರ ತರಿಸುವುದು ಸೂಕ್ತವಲ್ಲ. ವಿವರ ಪಡೆದು, ಲೆಕ್ಕ ಸರಿದೂಗಿದ ನಂತರ ಮುಂದುವರಿಯುವ ಅರ್ಜಿದಾರರಿಗೆ ಕಾನೂನಿನ ಬೆಂಬಲ ಇದ್ದೇ ಇದೆ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯಾಪ್ತಿಯ ವಿತರಣಾ ಕಂಪನಿಯ ಕಾರ್ಯನಿರ್ವಾಹಕ ಇಂಜಿನಿಯರ್ ಅವರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.